ಕುಂಚಿಗೆಯಿಂದ ಚೀಟಿನ ಅಂಗಿಗೆ: ಮಕ್ಕಳ ಉಡುಪಿನ ಚಿತ್ತಾರಗಳಲ್ಲಿ ಹಿರಿಯರ ಅಭಿರುಚಿ

'ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು' ಎಂಬ ಗಾದೆಯನ್ನು ಆತುರಗಾರರನ್ನು ಗೇಲಿ ಮಾಡಲು ಬಳಸುವುದು ರೂಢಿ. ಗಾದೆಯ ವ್ಯಂಗ್ಯ ಎಲ್ಲರಿಗೂ ಗೊತ್ತು. ಆದರೆ ಆ ವ್ಯಂಗ್ಯಕ್ಕೆ ಆಧಾರವಾದ ಆಚಾರವನ್ನು ಗಮನಿಸಿದವರು ಕಡಿಮೆ. ಹುಟ್ಟಲಿರುವ ಮಗುವಿಗೆ ಮುಂಚಿತವಾಗಿ ಹೊಸ ಬಟ್ಟೆ ಸಿದ್ಧಪಡಿಸುವುದು ತಕ್ಕುದಲ್ಲ, ಅದು ವಿಧಿಯನ್ನು ಕೆಣಕಿದಂತೆ ಎಂಬ ನಂಬಿಕೆ ಈ ಮಾತಿನ ಒಳಗಿದೆ. ಕುಲಾವಿಯೆಂದರೆ ಕೂಸಿನ ತಲೆಗೆ ತೊಡಿಸುವ ಹೊಲಿದ ಟೊಪ್ಪಿಗೆ. ಗಾದೆಯೊಂದು ಹುಟ್ಟಿಕೊಳ್ಳುವಷ್ಟರ ಮಟ್ಟಿಗೆ ಆ ವಸ್ತು ಕನ್ನಡ ಜನಜೀವನದಲ್ಲಿ ಬಳಕೆಯಲ್ಲಿತ್ತು ಮತ್ತು ಅದನ್ನು ಹೊಲಿಸುವುದಕ್ಕೊಂದು ಕಾಲನಿಯಮವಿತ್ತು ಎಂಬ ಎರಡು ಸಂಗತಿಗಳು ಇದರಿಂದ ತಿಳಿದುಬರುತ್ತವೆ.

ಕರ್ನಾಟಕದ ವಸ್ತ್ರಪರಂಪರೆಯನ್ನು ಕುರಿತ ಬರವಣಿಗೆ ಬಹುಮಟ್ಟಿಗೆ ಸೀರೆಯ ಸುತ್ತಲೇ ಬೆಳೆದಿದೆ. ಇಳಕಲ್ಲು, ಮೊಳಕಾಲ್ಮೂರು, ಮೈಸೂರು ರೇಷ್ಮೆಗಳಿಗೆ ದೊರೆತ ಗಮನ ಮಕ್ಕಳ ಬಟ್ಟೆಗೆ ದೊರೆತಿಲ್ಲ. ಇದಕ್ಕೆ ವಿದ್ವಾಂಸರ ಅನಾದರವೊಂದೇ ಕಾರಣವಲ್ಲ. ಮಗುವಿನ ಬಟ್ಟೆ ಉಳಿಯುವುದಿಲ್ಲ. ಅದು ಒಂದು ಕೂಸಿನಿಂದ ಮತ್ತೊಂದಕ್ಕೆ ದಾಟುತ್ತದೆ, ಸವೆಯುತ್ತದೆ, ಕೊನೆಗೆ ಕೌದಿಯ ಪದರವಾಗುತ್ತದೆ ಇಲ್ಲವೆ ಒರೆಸುವ ಅರಿವೆಯಾಗುತ್ತದೆ. ಹಾಗಿದ್ದೂ ಮಗುವಿನ ಮೈಮೇಲಿನ ಬಟ್ಟೆಯ ಚಿತ್ತಾರವನ್ನು ಯಾರು ಆರಿಸಿದರು, ಏಕೆ ಆರಿಸಿದರು ಎಂಬ ಪ್ರಶ್ನೆಯನ್ನು ಹಿಂಬಾಲಿಸಿದರೆ, ಬಾಲ್ಯದ ಬಗ್ಗೆ ನಮ್ಮ ಹಿರಿಯರಿಗಿದ್ದ ಭಾವನೆಯೇ ಬದಲಾದ ಬಗೆ ಗೋಚರಿಸುತ್ತದೆ. ಮುಖ್ಯವಾಗಿ ಉತ್ತರ ಕರ್ನಾಟಕದ ಆಧಾರಗಳಿಂದ ಆ ಬದಲಾವಣೆಯನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಪ್ರಾಚೀನ ಆಕರಗಳು ಈ ವಿಷಯದಲ್ಲಿ ಅಷ್ಟಾಗಿ ನೆರವಾಗುವುದಿಲ್ಲ. ಶಿಲ್ಪದಲ್ಲಿ ಕಾಣುವ ಬೆಣ್ಣೆಕೃಷ್ಣ ಸಾಮಾನ್ಯವಾಗಿ ಬತ್ತಲೆ; ಅವನ ಮೈಮೇಲಿರುವುದು ಉಡಿದಾರ, ಕಡಗ, ಕಾಲಂದುಗೆ, ಕೊರಳ ಹಾರ. ಹರಿದಾಸರ ಬಾಲಕೃಷ್ಣವರ್ಣನೆಗಳಲ್ಲಿಯೂ ಗೆಜ್ಜೆ, ಉಂಗುರ, ಸರಗಳ ಸದ್ದು ಕೇಳಿಸುವಷ್ಟು ಬಟ್ಟೆಯ ಬಣ್ಣ ಕಾಣಿಸುವುದಿಲ್ಲ. ಅರಳೆಲೆ, ಮಾಗಾಯಿ, ಹುಲಿಯುಗುರು ಮುಂತಾದ ಮಕ್ಕಳ ಒಡವೆಗಳಿಗೆ ಕನ್ನಡದಲ್ಲಿ ಪ್ರತ್ಯೇಕವಾದ ಹೆಸರುಗಳಿವೆ. ಹಿರಿಯರ ಒಲವು, ಹೆಮ್ಮೆ, ಭಯ ಎಲ್ಲವೂ ಮೊದಲು ಲೋಹದಲ್ಲಿ ವ್ಯಕ್ತವಾದವೇ ಹೊರತು ನೂಲಿನಲ್ಲಲ್ಲ. ನಮ್ಮ ಹವೆಯಲ್ಲಿ ಎಳೆಮಗುವಿಗೆ ಬಟ್ಟೆ ವರ್ಷದ ಬಹುಕಾಲ ಅನಿವಾರ್ಯವೂ ಅಲ್ಲ. ಆದ್ದರಿಂದ ಬಟ್ಟೆಯನ್ನು ತೊಡಿಸಿದಾಗ ಅದಕ್ಕೊಂದು ವಿಶೇಷವಾದ ಸಂದರ್ಭವಿರುತ್ತಿತ್ತು ಎಂಬುದನ್ನು ನೆನಪಿನಲ್ಲಿಡಬೇಕು.

ಕೂಸಿನ ಮೊದಲ ಬಟ್ಟೆ ಹೊಸದಲ್ಲ, ಹಳೆಯದು. ತೊಳೆದು ತೊಳೆದು ಮೆತ್ತಗಾದ ಅಜ್ಜಿಯ ಸೀರೆಯ ತುಂಡಿನಲ್ಲಿ ಮಗುವನ್ನು ಸುತ್ತುವುದು ನಾಡಿನ ಎಲ್ಲೆಡೆ ಇದ್ದ ಪದ್ಧತಿ. ಎಳೆಯ ಚರ್ಮಕ್ಕೆ ಹಳೆಯ ಹತ್ತಿಯೇ ಹಿತವೆಂಬ ಅನುಭವಜ್ಞಾನ ಇದರಲ್ಲಿದೆ. ದೀರ್ಘಾಯುಷಿಯೊಬ್ಬಳ ಆಯುಷ್ಯ ಮಗುವಿಗೂ ತಾಗಲಿ ಎಂಬ ಹಾರೈಕೆಯೂ ಇದೆ. ಇದರ ಜೊತೆಗೆ ಇನ್ನೊಂದು ಭಾವವನ್ನೂ ಗುರುತಿಸಬೇಕು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ತಿಪ್ಪಣ್ಣ, ಗುಂಡ, ತಿಪ್ಪಮ್ಮ ಎಂದು ಹೆಸರಿಟ್ಟು, ಇದು ಯಾರಿಗೂ ಬೇಡದ ವಸ್ತುವೆಂದು ಸಾವಿಗೆ ತೋರಿಸಿ ಮರೆಮಾಚುವ ರೂಢಿಯಿತ್ತು. ಹಳೆಯ ಬಟ್ಟೆ ಸುತ್ತುವ ಆಚಾರ ಈ ಹೆಸರಿನ ಆಚಾರಕ್ಕೆ ಬಲು ಹತ್ತಿರದ್ದು. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಬ್ರಿಟಿಷ್ ಭಾರತದ ನೋಂದಣಿಯಂತೆ ಹುಟ್ಟಿದ ಸಾವಿರ ಶಿಶುಗಳಲ್ಲಿ ಸುಮಾರು 200 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ನೋಂದಣಿಗೆ ಬಾರದ ಸಾವುಗಳು ಬೇರೆ. ಈ ಹಿನ್ನೆಲೆಯನ್ನು ಬಿಟ್ಟು ಮಕ್ಕಳ ಉಡುಪಿನ ಚಿತ್ತಾರವನ್ನು ಕೇವಲ ಸೌಂದರ್ಯದ ಮಾತಾಗಿ ನೋಡುವುದು ತಪ್ಪಾಗುತ್ತದೆ.

ಹೊಸ ಬಟ್ಟೆ ಬರುವುದು ತೊಟ್ಟಿಲ ಕಾರ್ಯದ ಹೊತ್ತಿಗೆ. ಉತ್ತರ ಕರ್ನಾಟಕದ ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆಗಳ ಸೀಮೆಯಲ್ಲಿ ಈ ಬಟ್ಟೆಗೆ ಕುಂಚಿಗೆ ಅಥವಾ ಕುಂಚಿಯೆಂದು ಹೆಸರು. ಆಯತಾಕಾರದ ಬಟ್ಟೆಯನ್ನು ಮಡಿಸಿ ಮೇಲಿನ ಒಂದು ಅಂಚನ್ನು ಹೊಲಿದರೆ ಅದು ತಲೆಯ ಮೇಲೆ ಗವುಸಿನಂತೆ ಕೂಡುತ್ತದೆ. ಉಳಿದ ಭಾಗ ಬೆನ್ನಿನ ಮೇಲೆ ಇಳಿಬೀಳುತ್ತದೆ. ತಲೆ, ಕಿವಿ, ಬೆನ್ನು ಮೂರಕ್ಕೂ ಗಾಳಿಯ ತಡೆ. ಕುಲಾವಿ ಇದಕ್ಕಿಂತ ಚಿಕ್ಕದು, ತಲೆಗಷ್ಟೇ ಸೀಮಿತವಾದುದು. ಕುಲಾವಿ ಎಂಬ ಪದ ಟೊಪ್ಪಿಗೆಯೆಂಬ ಅರ್ಥವುಳ್ಳ ಪಾರಸಿಯ 'ಕುಲಾಹ್' ಪದಕ್ಕೆ ಸಂಬಂಧಿಸಿದ್ದು. ಬಿಜಾಪುರದ ಆದಿಲ್‌ಶಾಹಿ ಆಳ್ವಿಕೆ (1490-1686) ನಡೆದ ನೆಲದಲ್ಲಿ ಹೊಲಿದ ಉಡುಪಿನ ಹಲವು ಹೆಸರುಗಳು ಹೀಗೆ ಕನ್ನಡಕ್ಕೆ ಬಂದಿರುವುದು ಸಹಜವೇ. ಆದರೆ ಹೆಸರು ಪಾರಸಿಯದಾದರೂ ಅದರ ಮೇಲೆ ಮೂಡಿದ ಚಿತ್ತಾರ ಬೇರೆಯದೇ ಲೋಕದ್ದು.

ಆ ಚಿತ್ತಾರವೇ ಕಸೂತಿ. ಇಂದು ಕನ್ನಡದಲ್ಲಿ ಸೂಜಿಯಿಂದ ಮಾಡಿದ ಯಾವ ಅಲಂಕಾರಕ್ಕಾದರೂ ಕಸೂತಿಯೆನ್ನುವುದುಂಟು. ಧಾರವಾಡ ಸೀಮೆಯ ಕಸೂತಿಗೆ ನಿರ್ದಿಷ್ಟವಾದ ಲಕ್ಷಣಗಳಿವೆ. ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳುವುದಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸುತ್ತ ಸೂಜಿ ಚುಚ್ಚಬೇಕು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಹೊಲಿಗೆಯ ನಾಲ್ಕು ಬಗೆಗಳು. ಗವಂತಿಯಲ್ಲಿ ಸೂಜಿ ಹೋದ ದಾರಿಯಲ್ಲೇ ಹಿಂದಿರುಗಿ ಬಿಟ್ಟ ಎಡೆಗಳನ್ನು ತುಂಬುತ್ತದೆ. ಮುರ್ಗಿಯೂ ಅಂಥದೇ, ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಇವೆರಡರಲ್ಲಿಯೂ ಬಟ್ಟೆಯ ಒಳಮೈ, ಹೊರಮೈ ಒಂದೇ ತೆರನಾಗಿ ಕಾಣುತ್ತವೆ, ಗಂಟು ಕಾಣಿಸುವುದಿಲ್ಲ. ನೇಗಿ ನೇಯ್ಗೆಯನ್ನು ಹೋಲುತ್ತದೆ. ಮೆಂತೆ ಕತ್ತರಿಹೊಲಿಗೆ, ನೋಡಲು ಸ್ವಲ್ಪ ದಪ್ಪ. ಗಂಟಿಲ್ಲದ, ಎರಡು ಮೈಯೂ ನಯವಾದ ಹೊಲಿಗೆ ಕೂಸಿನ ಬಟ್ಟೆಗೆ ಎಷ್ಟು ಹೊಂದುತ್ತದೆಂಬುದನ್ನು ವಿವರಿಸಬೇಕಿಲ್ಲ. ಎಳೆಮಗುವಿನ ಕೆನ್ನೆಗೆ ತಾಗುವುದು ಕುಂಚಿಗೆಯ ಒಳಮೈಯೇ ತಾನೆ? ಈ ಕಾರಣದಿಂದಲೇ ಗವಂತಿ, ಮುರ್ಗಿಗಳು ಹುಟ್ಟಿದವೆಂದು ಹೇಳಲು ಸಾಧ್ಯವಿಲ್ಲವಾದರೂ, ಸೀರೆಯ ಸೆರಗು ಮತ್ತು ಕುಂಚಿಗೆ, ಎರಡೂ ಮಗುಚಿ ಒಳಮೈ ತೋರುವ ವಸ್ತುಗಳು ಎಂಬುದು ಗಮನಾರ್ಹ.

ಇನ್ನು ಚಿತ್ತಾರಗಳ ವಿಷಯ. ಗೋಪುರ, ತೇರು, ತುಳಸೀವೃಂದಾವನ, ಅಂಬಾರಿ ಹೊತ್ತ ಆನೆ, ನಂದಿ, ಪಲ್ಲಕ್ಕಿ, ನವಿಲು, ಗಿಳಿ, ಹಂಸ, ಕಮಲ, ಶಂಖ, ಇವು ಕಸೂತಿಯ ಮುಖ್ಯ ರೂಪಗಳು. ಇಳಕಲ್ಲ ಸೀರೆಯ ಸೆರಗಿನ ಹತ್ತಿರ ದೊಡ್ಡ ಗೋಪುರ, ತೇರುಗಳಿದ್ದು ಒಡಲಿನ ಕಡೆಗೆ ಸಾಗಿದಂತೆ ಚಿತ್ತಾರ ಸಣ್ಣದಾಗುತ್ತದೆ. ಕುಪ್ಪಸಕ್ಕೂ ಕುಂಚಿಗೆಗೂ ಬಂದದ್ದು ಇದೇ ಚಿತ್ತಾರಕೋಶ. ಇಲ್ಲಿ ಒಂದು ಸಂಗತಿಯನ್ನು ಒತ್ತಿಹೇಳಬೇಕು: ಈ ಕೋಶದಲ್ಲಿ 'ಮಕ್ಕಳಿಗಾಗಿ' ಎಂದು ಬೇರೆ ತೆಗೆದಿಟ್ಟ ಚಿತ್ತಾರವಿಲ್ಲ. ಆಟಿಕೆಯಿಲ್ಲ, ಆಡುವ ಮಗುವಿನ ಚಿತ್ರವಿಲ್ಲ. ತೊಟ್ಟಿಲ ಚಿತ್ತಾರವೊಂದುಂಟು, ಆದರೆ ಅದು ಸೀರೆಯ ಮೇಲೂ ಮೂಡುವುದರಿಂದ ಅದನ್ನು ಬಾಲ್ಯದ ಚಿತ್ರವೆನ್ನುವುದಕ್ಕಿಂತ ತಾಯ್ತನದ ಹಾರೈಕೆಯೆನ್ನುವುದು ಲೇಸು. ಗಂಡುಕೂಸಿಗೆ ಇಂಥದು, ಹೆಣ್ಣುಕೂಸಿಗೆ ಇಂಥದು ಎಂಬ ವಿಂಗಡಣೆಯೂ ಈ ಕೋಶದಲ್ಲಿಲ್ಲ. ಆನೆ, ನವಿಲುಗಳು ಇಬ್ಬರ ತಲೆಯ ಮೇಲೂ ಕೂಡಬಲ್ಲವು.

ಫ್ರೆಂಚ್ ಇತಿಹಾಸಕಾರ ಫಿಲಿಪ್ ಆರಿಯೆಸ್ 1960ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಧ್ಯಯುಗದ ಯುರೋಪು ಮಕ್ಕಳನ್ನು ಪುಟ್ಟ ವಯಸ್ಕರಂತೆ ಉಡಿಸುತ್ತಿತ್ತು, ಬಾಲ್ಯವೆಂಬ ಪ್ರತ್ಯೇಕ ಕಲ್ಪನೆ ಅಲ್ಲಿ ತಡವಾಗಿ ಬಂದಿತು ಎಂದು ವಾದಿಸಿದನು. ಈ ವಾದವನ್ನು ನಂತರದ ವಿದ್ವಾಂಸರು ಸಾಕಷ್ಟು ತಿದ್ದಿದ್ದಾರೆ. ಕುಂಚಿಗೆಯ ಚಿತ್ತಾರಕ್ಕೆ ಇದನ್ನು ಅನ್ವಯಿಸುವುದು ಸುಲಭ, ಆದರೆ ಸರಿಯಲ್ಲ. ಕುಂಚಿಗೆಯ ಆಕಾರವೇ ಕೂಸಿಗೆ ಮೀಸಲಾದುದು, ಹಿರಿಯರು ಅದನ್ನು ತೊಡುವುದಿಲ್ಲ. ಹೆಂಗಸರ ಜೋಗುಳ, ತ್ರಿಪದಿಗಳಲ್ಲಿ ಕಂದನ ಆಟಪಾಟಗಳನ್ನು ಸವಿಯುವ ಮನಸ್ಸು ಎಷ್ಟು ಸಮೃದ್ಧವಾಗಿದೆಯೆಂಬುದಕ್ಕೆ ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡು' ಸಂಕಲನವೇ ಸಾಕ್ಷಿ. ಬಾಲ್ಯದ ಅರಿವು ಇತ್ತು. ಅದು ಹಾಡಿನಲ್ಲಿ ಇತ್ತು, ಬಟ್ಟೆಯ ಆಕಾರದಲ್ಲಿ ಇತ್ತು. ಚಿತ್ತಾರದ ಕೆಲಸ ಬೇರೆ. ಬಟ್ಟೆಯ ಮೇಲಿನ ಗೋಪುರ ಮಗುವಿನ ಸ್ವಭಾವವನ್ನು ಹೇಳುವುದಿಲ್ಲ. ಮಗುವಿಗೆ ಯಾರ ರಕ್ಷೆ ಬೇಕೆಂಬುದನ್ನು ಹೇಳುತ್ತದೆ.

ಇದನ್ನು ಆರಿಸುತ್ತಿದ್ದವರು ಯಾರು? 'ತಂದೆತಾಯಿಗಳ ಅಭಿರುಚಿ' ಎಂದು ನಾವು ಇಂದು ಸರಾಗವಾಗಿ ಹೇಳುವ ಮಾತು ಆ ಕಾಲಕ್ಕೆ ಪೂರ್ತಿಯಾಗಿ ಒಪ್ಪುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ. ಬಾಣಂತಿ ಸೂಜಿ ಹಿಡಿದು ಕೂರುವ ಸ್ಥಿತಿಯಲ್ಲಿರುವುದಿಲ್ಲ. ಅಜ್ಜಿ, ಚಿಕ್ಕಮ್ಮ, ಅತ್ತಿಗೆಯರ ಕೈಯಲ್ಲಿ ಕುಂಚಿಗೆ ತಯಾರಾಗಬೇಕು. ಹೆಸರಿಡುವ ಹಕ್ಕಿನ ಸೋದರತ್ತೆಯೂ ಬರಿಗೈಯಲ್ಲಿ ಬರುವವಳಲ್ಲ. ಹೀಗೆ ಬಟ್ಟೆಯೆಂಬುದು ಎರಡು ಮನೆತನಗಳ ನಡುವಿನ ಕೊಡುಗೆ. ಅದರ ಚಿತ್ತಾರ ಕೊಟ್ಟವರ ಕೈಚಳಕಕ್ಕೂ ಸ್ಥಿತಿಗತಿಗೂ ಗುರುತು. ತಂದೆಯ ಮಾತು ಇಲ್ಲಿ ಕೇಳಿಸುವುದೇ ಇಲ್ಲ. ತಾಯಿಯ ಇಷ್ಟಕ್ಕೆ ಸಂದ ಪಾಲು ಕೂಡ, ತಾನು ಹುಡುಗಿಯಾಗಿದ್ದಾಗ ಅದೇ ಅಜ್ಜಿಯಿಂದ ಕಲಿತ ಚಿತ್ತಾರಗಳಷ್ಟೇ. ಮುಂಚಿತವಾಗಿ ಹೊಲಿಯಬಾರದೆಂಬ ಗಾದೆಯ ಕಟ್ಟಳೆಯನ್ನು ಇದಕ್ಕೆ ಸೇರಿಸಿದರೆ, ಹೆರಿಗೆಗೂ ತೊಟ್ಟಿಲಿಗೂ ನಡುವಿನ ಕೆಲವೇ ದಿನಗಳಲ್ಲಿ ಎಳೆಯೆಣಿಸಿ ಮುಗಿಸಬೇಕಾದ ಕೆಲಸವಿದು. ಮನೆಯಲ್ಲಿ ಹಿಂದಿನ ಕೂಸಿನ ಕುಂಚಿಗೆಯನ್ನು ಜೋಪಾನವಾಗಿಡುತ್ತಿದ್ದುದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಬಣ್ಣದ ವಿಷಯದಲ್ಲಿ ಒಂದು ಅಪವಾದವನ್ನು ಹೇಳದಿರಲಾಗದು. ಶುಭಕಾರ್ಯಗಳಲ್ಲಿ ಕಪ್ಪು ಬೇಡವೆಂಬ ಭಾವನೆ ಬಲವಾಗಿದ್ದ ಮನೆಗಳಲ್ಲಿಯೂ ಮಗುವಿನ ಮೊದಲ ಸಂಕ್ರಾಂತಿಗೆ ಕರಿಯ ಬಟ್ಟೆ ತೊಡಿಸುವುದು ಮರಾಠಿ ನೆರೆಯ ಜಿಲ್ಲೆಗಳ ಹಲವು ಸಮುದಾಯಗಳಲ್ಲಿ ನಡೆದುಬಂದಿದೆ. ಅದರ ಮೇಲೆ ಕುಸುರೆಳ್ಳಿನ ಬಿಳಿಯ ಒಡವೆಗಳು, ತಲೆಯ ಮೇಲೆ ಬಾರೀಹಣ್ಣಿನ ಸುರಿಮಳೆ. ಚಳಿಗಾಲದಲ್ಲಿ ಕಪ್ಪು ಬೆಚ್ಚಗೆಂಬ ವಿವರಣೆಯನ್ನು ಹಿರಿಯರು ಕೊಡುತ್ತಾರೆ. ಕೆನ್ನೆಯ ಮೇಲಿಡುವ ದೃಷ್ಟಿಬೊಟ್ಟು ಒಂದು ದಿನದ ಮಟ್ಟಿಗೆ ಇಡೀ ಮೈಗೆ ಹಬ್ಬಿತೆಂದು ತಿಳಿದರೂ ತಪ್ಪಿಲ್ಲ. ಕರಿಯ ನೆಲದ ಮೇಲೆ ಬಿಳಿಯ ಚುಕ್ಕಿಯ ಅಚ್ಚುಬಟ್ಟೆ ಮಾರುಕಟ್ಟೆಗೆ ಬಂದಾಗ ಅದಕ್ಕೆ ಈ ಹಬ್ಬದಲ್ಲಿ ಸಿದ್ಧವಾದ ಒಂದು ಎಡೆ ಇದ್ದೇ ಇತ್ತು.

ನಡೆಯಲು ಕಲಿತ ಹುಡುಗಿಗೆ ಖಣದ ಪರಕಾರ, ಪೋಲಕ. ಗುಳೇದಗುಡ್ಡದ ಖಣ ರವಿಕೆಗೆಂದೇ ನೇಯುವ ಬಟ್ಟೆ. ತೇರು, ತುಳಸಿ, ಆನೆಹೆಜ್ಜೆ ಮುಂತಾದ ಹೆಸರಿನ ಸಣ್ಣ ಸಣ್ಣ ಹೂಗಳು ಅದರ ನೇಯ್ಗೆಯಲ್ಲೇ ಮೂಡುತ್ತವೆ. ತಾಯಿಯ ಕುಪ್ಪಸದ ಖಣವೇ ಮಗಳ ಲಂಗವಾಯಿತು. ಇಲ್ಲಿಯೂ ಚಿತ್ತಾರ ಒಂದೇ.

ಈ ಸ್ಥಿತಿಯನ್ನು ಕದಲಿಸಿದ್ದು ಅಚ್ಚಿನ ಬಟ್ಟೆ. ಕನ್ನಡದಲ್ಲಿ ಅದಕ್ಕೆ ಚೀಟು, ಚೀಟಿನ ಬಟ್ಟೆ ಎಂದು ಹೆಸರು. ಹೂಬಳ್ಳಿಯ ಅಚ್ಚುಬಟ್ಟೆ ಮೂಲತಃ ಭಾರತದಿಂದಲೇ, ವಿಶೇಷವಾಗಿ ಕೋರಮಂಡಲ ಕರಾವಳಿಯಿಂದ, ಯುರೋಪಿಗೆ ಹೋದ ಸರಕು. 1783ರಲ್ಲಿ ಥಾಮಸ್ ಬೆಲ್ ಎಂಬವನು ಉರುಳೆಯ ಮೂಲಕ ಅಚ್ಚೊತ್ತುವ ವಿಧಾನಕ್ಕೆ ಹಕ್ಕುಪತ್ರ ಪಡೆದ ಮೇಲೆ ಲಂಕಾಶೈರಿನ ಗಿರಣಿಗಳು ಅದೇ ಹೂಬಳ್ಳಿಯನ್ನು ಅಗ್ಗವಾಗಿ ಮುದ್ರಿಸಿ ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಸಂತೆಗಳಿಗೆ ತಂದು ಸುರಿದವು. ಕುಂಚಿಗೆಗೆ ದಿನಗಟ್ಟಲೆ ದುಡಿದು ಪಡೆಯಬೇಕಿದ್ದ ಹೂವು ಈಗ ಮೊಳಕ್ಕಿಷ್ಟು ಎಂದು ಸಿಗತೊಡಗಿತು. ಹೊಲಿಗೆಯ ಯಂತ್ರ ಬಂದಮೇಲೆ ಸಿಂಪಿಗರ ಅಂಗಡಿಯಲ್ಲಿ ಒಂದೇ ದಿನದಲ್ಲಿ ಅಂಗಿ ಸಿದ್ಧ. ಕೂಡುಕುಟುಂಬದ ಯಜಮಾನ ಹಬ್ಬಕ್ಕೊಮ್ಮೆ ಒಂದೇ ತಾನಿನಿಂದ ಮನೆಯ ಎಲ್ಲ ಮಕ್ಕಳಿಗೂ ಅಂಗಿ, ಲಂಗ ಹೊಲಿಸುತ್ತಿದ್ದ. ಅಂದರೆ ಆಯ್ಕೆ ಹೆಂಗಸರ ಕೈಯಿಂದ ಗಂಡಸರ ಹಣದ ಚೀಲಕ್ಕೆ ದಾಟಿತು. ಅಭಿರುಚಿಗಿಂತ ಬಾಳಿಕೆ, ಬಣ್ಣ ಬಿಡದಿರುವುದು, ಕೊಳೆ ಕಾಣದಿರುವುದು ಆಗಿನ ಮಾನದಂಡ. ಕಸೂತಿಗೆ ಆದ ಹಾನಿಯನ್ನು ಕುರಿತು ಬರೆಯುವವರು ಗಿರಣಿಯ ಅಗ್ಗದ ಬೆಲೆಯನ್ನು ಎತ್ತಿಹೇಳುತ್ತಾರೆ. ಕೊಡುಗೆಯಾಗಿದ್ದ ಬಟ್ಟೆ ಖರೀದಿಯಾದುದು ಅದಕ್ಕಿಂತ ದೊಡ್ಡ ಕಾರಣವೆಂದು ನನಗೆ ತೋರುತ್ತದೆ.

ಅಚ್ಚಿನ ಬಟ್ಟೆಯ ಮೊದಲ ಹೂಗಳೂ ಮಕ್ಕಳವಲ್ಲ. ಹೆಂಗಸರ ರವಿಕೆಗೆ ಬಂದ ಚೀಟೇ ಮಕ್ಕಳ ಅಂಗಿಗೂ ಬಂದಿತು. ಮಕ್ಕಳಿಗೆಂದೇ ಬೇರೆಯಾದ ಚಿತ್ರಗಳು ಪಶ್ಚಿಮದಲ್ಲಿಯೂ ತಡವಾಗಿ ಹುಟ್ಟಿದವು. 1879ರಲ್ಲಿ ಚಿತ್ರಪುಸ್ತಕವೊಂದರಿಂದ ಹೆಸರಾದ ಇಂಗ್ಲಿಷ್ ಕಲಾವಿದೆ ಕೇಟ್ ಗ್ರೀನವೇ ಬರೆದ ಟೊಪ್ಪಿಗೆಯ ಪುಟ್ಟ ಹುಡುಗಿಯರು ಮಕ್ಕಳ ಉಡುಪಿಗೇ ಮಾದರಿಯಾದರು. 1902ರಲ್ಲಿ ಬಿಯಾಟ್ರಿಕ್ಸ್ ಪಾಟರ್‌ಳ ಮೊಲದ ಕಥೆ ಪ್ರಕಟವಾಯಿತು. ಮರುವರ್ಷವೇ ಆಕೆ ಆ ಮೊಲದ ಗೊಂಬೆಯನ್ನು ತನ್ನ ಹೆಸರಿನಲ್ಲಿ ನೋಂದಾಯಿಸಿದಳು. ಕಥೆಯ ಪಾತ್ರವೊಂದು ಸರಕಾಗಿ ಮಾರಾಟವಾಗುವ ಇತಿಹಾಸದಲ್ಲಿ ಇದು ಮೊದಲ ಹೆಜ್ಜೆಗಳಲ್ಲೊಂದು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದಿತು. ಮಿಶನರಿಗಳ ಹೆಣ್ಣುಮಕ್ಕಳ ಶಾಲೆಗಳಲ್ಲಿ ಸೂಜಿಕೆಲಸ ಪಾಠದ ಭಾಗವಾಗಿತ್ತು. ಎಳೆಯೆಣಿಸುವ ವಿದ್ಯೆ ನಮ್ಮ ಹುಡುಗಿಯರಿಗೆ ಹೊಸದಲ್ಲ. ಹೊಸದಾದುದು ಬುಟ್ಟಿಯ ಗುಲಾಬಿ, ಬೆಕ್ಕಿನ ಮರಿ, ಅಕ್ಷರಮಾಲೆ. ಕಾಲಕ್ರಮದಲ್ಲಿ ಇಸ್ತ್ರಿಯಿಂದ ಒತ್ತಿ ಮೂಡಿಸುವ ಕಾಗದದ ಮಾದರಿಗಳು ಬಂದವು. ಇಪ್ಪತ್ತನೆಯ ಶತಮಾನದ ನಡುಗಾಲಕ್ಕೆ ಪಟ್ಟಣದ ಮಧ್ಯಮವರ್ಗದ ತಾಯಿ ತನ್ನ ಮಗುವಿನ ಜುಬ್ಬದ ಮೇಲೆ ಬಾತುಕೋಳಿ, ಮೊಲಗಳನ್ನು ತಾನೇ ಹೊಲಿಯುತ್ತಿದ್ದಳು. ಇಲ್ಲಿಯೇ, ಮೊದಲ ಬಾರಿಗೆ, ಚಿತ್ತಾರದಲ್ಲಿ 'ತಾಯಿಯ ಅಭಿರುಚಿ' ಎಂಬುದೊಂದು ತಾನಾಗಿ ನಿಂತಿತು. ಅಜ್ಜಿಯ ಕೋಶವನ್ನು ಬದಿಗಿಟ್ಟು ಆಕೆ ಆರಿಸಿದ್ದಳು. ಆ ಮೊಲ ಯಾರನ್ನೂ ರಕ್ಷಿಸುವುದಿಲ್ಲ. ಅದು ಮುದ್ದಾಗಿದೆ, ಅಷ್ಟೆ.

ಈ ಮುದ್ದಿನ ಹಿಂದೆ ಒಂದು ನಿರಾಳತೆಯೂ ಇದೆಯೆಂಬುದನ್ನು ಮರೆಯಬಾರದು. ಶಿಶುಮರಣ ಇಳಿದಂತೆ ರಕ್ಷೆಯ ಚಿತ್ತಾರಕ್ಕಿದ್ದ ತುರ್ತು ಇಳಿಯಿತು. 2020ರ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಾವಿರ ಜನನಗಳಿಗೆ ಶಿಶುಮರಣ 19. ಗೋಪುರ ಹೋಗಿ ಮೊಲ ಬಂದಿತೆಂದು ಹಳಹಳಿಸುವವರು ಈ ಅಂಕಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಲ್ಲ ತಾಯಂದಿರೂ ಒಂದೇ ದಾರಿ ಹಿಡಿದರೆಂದಲ್ಲ. ಗಿರಣಿಯ ಅಚ್ಚುಬಟ್ಟೆಯನ್ನೇ ಕೈಗೆತ್ತಿಕೊಂಡು ಅದರಿಂದ ತಮ್ಮದೇ ಚಿತ್ತಾರ ಕಟ್ಟಿದವರಿಗೆ ಉತ್ತರ ಕನ್ನಡದ ಸಿದ್ದಿ ಹೆಂಗಸರು ಉತ್ತಮ ನಿದರ್ಶನ. ಆಫ್ರಿಕಾ ಮೂಲದ ಈ ಸಮುದಾಯ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸುತ್ತ ನೆಲೆಸಿದೆ. ಅವರ ಕವಂದಿ ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದಿಟ್ಟು, ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬಂದು ಮುಗಿಸುವ ಹೊದಿಕೆ. ಇದು ಉಡುಪಲ್ಲವಾದರೂ ಕೂಸನ್ನು ಸುತ್ತುವ ಮೊದಲ ಬಟ್ಟೆಗಳ ಸಾಲಿಗೆ ಸೇರುತ್ತದೆ. ಅಮೆರಿಕದ ಕಲೇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಮಕ್ಕಳ ಕವಂದಿಯಲ್ಲಿ ಉಜ್ವಲ ಬಣ್ಣದ ಪುಟ್ಟ ತೇಪೆಗಳು ಹೆಚ್ಚಾಗಿರಬೇಕೆಂಬುದು ಅವರ ರುಚಿ. ಕ್ರೈಸ್ತ ಸಿದ್ದಿಯರ ಕವಂದಿಯಲ್ಲಿ ಶಿಲುಬೆಯೂ ಮುಸ್ಲಿಮರದರಲ್ಲಿ ಬಾಲಚಂದ್ರನೂ ಕಾಣಿಸಿಕೊಳ್ಳುವುದುಂಟು. ನಾಲ್ಕು ಮೂಲೆಗಳಲ್ಲಿ ಮುಕ್ಕೋನದ 'ಫೂಲ' ಇಡದಿದ್ದರೆ ಕವಂದಿ ಬತ್ತಲೆಯೆಂದು ಭಾವಿಸುತ್ತಾರೆ. ಯಾವುದೋ ಗಿರಣಿಯವನು ಯಾರಿಗೋ ಎಂದು ಅಚ್ಚೊತ್ತಿದ ಹೂವು ಇಲ್ಲಿ ಮತ್ತೆ ರಕ್ಷೆಯ ಕೆಲಸಕ್ಕೆ ನಿಂತಿದೆ.

ಸಿದ್ಧ ಉಡುಪಿನ ಕಾಲದ ಕಥೆಯನ್ನು ಹೆಚ್ಚು ಬೆಳೆಸಬೇಕಿಲ್ಲ, ಅದು ಎಲ್ಲರ ಕಣ್ಣೆದುರಿನದು. 1928ರಲ್ಲಿ ಹುಟ್ಟಿದ ಮಿಕಿ ಮೌಸ್ 1930ರ ದಶಕದಲ್ಲೇ ಪರವಾನಗಿಯ ಸರಕಾಯಿತು. 2008ರಲ್ಲಿ ದೂರದರ್ಶನ ಪರದೆಗೆ ಬಂದ ಛೋಟಾ ಭೀಮ್ ಕೆಲವೇ ವರ್ಷಗಳಲ್ಲಿ ಊರೂರಿನ ಅಂಗಿಗಳ ಮೇಲೆ ಕುಳಿತನು. ಇಲ್ಲಿ ಆರಿಸುವವರು ತಂದೆತಾಯಿಗಳೂ ಅಲ್ಲ, ಬೆರಳು ತೋರಿಸಿ ಹಟ ಹಿಡಿಯುವ ಮಗು. ಗಂಡಿಗೆ ನೀಲಿ, ಹೆಣ್ಣಿಗೆ ಗುಲಾಬಿ ಎಂಬ ವಿಂಗಡಣೆಯೂ ಇದೇ ಮಾರುಕಟ್ಟೆಯೊಡನೆ ಬಂದದ್ದು. ಅದು ಅನಾದಿಯದೆಂದು ನಂಬಿದವರು, 1918ರಲ್ಲಿ ಅಮೆರಿಕದ ಶಿಶುಉಡುಪಿನ ವ್ಯಾಪಾರಪತ್ರಿಕೆಯೊಂದು ಗಂಡುಮಕ್ಕಳಿಗೇ ಗುಲಾಬಿ ಬಣ್ಣ ಒಪ್ಪುವುದೆಂದು ಸಲಹೆ ಕೊಟ್ಟದ್ದನ್ನು ಗಮನಿಸಬೇಕು. ನಮ್ಮಲ್ಲಿ ಈ ವಿಂಗಡಣೆಗೆ ವಿಚಿತ್ರವಾದ ಒಂದು ತಡೆಯೂ ಇದೆ. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯಿದೆ ನಿಷೇಧಿಸಿದೆ. ಹೆಣ್ಣುಭ್ರೂಣದ ಹತ್ಯೆ ತಡೆಯಲು ಬಂದ ಆ ಕಾಯಿದೆಯಿಂದಾಗಿ ಹೆರಿಗೆಗೆ ಮುಂಚೆ ಬಟ್ಟೆ ಕೊಳ್ಳುವವರು ಯಾವ ಬಣ್ಣಕ್ಕೂ ಸೇರದ ಹಳದಿ, ಬಿಳಿ, ತಿಳಿಹಸಿರುಗಳತ್ತ ಸರಿಯಬೇಕಾಗುತ್ತದೆ.

ಕಸೂತಿ ಅಳಿದಿಲ್ಲ. ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಹುಬ್ಬಳ್ಳಿ-ಧಾರವಾಡದ ಹೆಂಗಸರು ಅದನ್ನು ಸೀರೆ, ಕುರ್ತಾ, ಕೈಚೀಲಗಳ ಮೇಲೆ ಹೊಲಿದು ಕೂಲಿ ಪಡೆಯುತ್ತಾರೆ. ಕುಂಚಿಗೆಗೆ ಮಾತ್ರ ಗಿರಾಕಿಯಿಲ್ಲ. ತೇರು, ಗೋಪುರಗಳು ಯಾರ ಸೊತ್ತೂ ಆಗಿರಲಿಲ್ಲ, ಯಾವ ಅಜ್ಜಿಯೂ ಅವನ್ನು ಹೊಲಿಯಲು ಅಪ್ಪಣೆ ಬೇಡಿದವಳಲ್ಲ. ಇಂದಿನ ಅಂಗಿಯ ಮೇಲಿನ ಇಲಿ, ಭೀಮರಿಗೆ ಒಡೆಯರಿದ್ದಾರೆ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ಪರದೇಶದ ಕೂಸುಗಳ ಅಂಗಿಗೆ ತೋಳು ಕೂಡಿಸುತ್ತಾರೆ, ಕಾಲರು ಕೂಡಿಸುತ್ತಾರೆ. ಎದೆಯ ಮೇಲಿನ ಚಿತ್ರ ಯಾರದೆಂಬುದನ್ನು ಕೇಳುವ ಪ್ರಸಂಗ ಅವರಿಗೆ ಬರುವುದಿಲ್ಲ.

ಮುಂದಿನ ಸಂಶೋಧನೆಗೆ ಆಕರಗಳು ಎಲ್ಲಿವೆಯೆಂದು ಕೇಳಿದರೆ, ಸಂಗ್ರಹಾಲಯದ ಗಾಜಿನ ಪೆಟ್ಟಿಗೆಗಿಂತ ಮೊದಲು ಹಳೆಯ ಕೌದಿಗಳನ್ನು ನೋಡಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ಹರಿದ ಅಂಗಿ, ಲಂಗ, ಕುಂಚಿಗೆಗಳೆಲ್ಲ ಕೊನೆಗೆ ಸೇರಿದ್ದು ಅಲ್ಲಿಗೆ. ಮೇಲಿನ ಪದರ ಸವೆದಾಗ ಅದರ ಮೇಲೆ ಮತ್ತೊಂದು ಪದರ ಹಾಕಿ ದಾರ ಎಳೆಯುತ್ತಿದ್ದರಾದ್ದರಿಂದ ಹಳೆಯ ಬಟ್ಟೆ ಒಳಗೆ, ಈಚಿನದು ಹೊರಗೆ. ಬಿಸಿಲಿಗೆ ಬೀಳದ ಒಳಪದರದ ಚೀಟಿನಲ್ಲಿ ಬಣ್ಣ ಇನ್ನೂ ಉಳಿದಿರುತ್ತದೆ. ಹೊಲಿಗೆ ಬಿಚ್ಚದೆಯೇ, ಹರಿದ ಅಂಚಿನಲ್ಲಿ ಬೆರಳಿಟ್ಟು ಪದರಗಳನ್ನು ಒಂದೊಂದಾಗಿ ಸರಿಸಿ ನೋಡಬಹುದು. ಯಾವ ತುಂಡು ಯಾರ ಅಂಗಿಯದೆಂದು ಹೇಳಬಲ್ಲ ಅಜ್ಜಿಯರು ಇರುವಾಗಲೇ ಆ ಕೆಲಸ ನಡೆಯಬೇಕು.